ಗಂಜಿ ಬಿಡಿ ಅಂದರು ಡಾಕ್ಟರು

ನನ್ನ ಬ್ಯಾಗಿನಲ್ಲಿ ಟಿಂಚರ್ ಅಯೋಡಿನ್ನಿನ ಒಂದು ಸಣ್ಣ ಬಾಟಲಿ ಸದಾ ಇರುತ್ತದೆ. ಗಾಯಕ್ಕೆ ಹಚ್ಚುವುದಕ್ಕಲ್ಲ, ತಿಂಡಿಯ ಗುಟ್ಟು ಬಯಲು ಮಾಡುವುದಕ್ಕೆ. ಮದುವೆಮನೆಯಲ್ಲೋ ನೆಂಟರ ಮನೆಯಲ್ಲೋ ನಾನು ಬಾಟಲಿ ತೆಗೆದರೆ ಪಕ್ಕದವರು ತಟ್ಟೆ ಸರಿಸಿಕೊಳ್ಳುತ್ತಾರೆ. ಸರಿಸಿಕೊಳ್ಳಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ಊರುಗಳಲ್ಲಿ ಸಿಗುವ ಯಾವ ತಿಂಡಿಯಲ್ಲಿ ಪಿಷ್ಟ ಇದೆ, ಯಾವುದರಲ್ಲಿ ಇಲ್ಲ ಎಂದು ನನ್ನಷ್ಟು ಖಚಿತವಾಗಿ ಹೇಳುವವರು ಬೇರೆ ಯಾರೂ ಇಲ್ಲ. ಇದು ಜಂಬವೇ ಇರಬಹುದು, ಸುಳ್ಳಂತೂ ಅಲ್ಲ. ಆದರೆ ಇಷ್ಟು ಕಲಿಯುವ ಮೊದಲು ನಾನು ಎಂಥ ದಡ್ಡಿಯಾಗಿದ್ದೆ ಎಂಬುದನ್ನೂ ಹೇಳಬೇಕು.

ನಮ್ಮ ಮನೆಯವರು ಪ್ರೈವೇಟ್ ಬಸ್ಸಿನ ಡ್ರೈವರು. ನರಸಿಂಹರಾಜಪುರದಿಂದ ಕೊಪ್ಪಕ್ಕೆ, ಕೊಪ್ಪದಿಂದ ಶೃಂಗೇರಿಗೆ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಎರಡು ವರ್ಷದ ಹಿಂದೆ ಅವರಿಗೆ ಬೆನ್ನು ಹಿಡಿದುಕೊಳ್ಳಲು ಶುರುವಾಯಿತು. ಬೆಳಿಗ್ಗೆ ಏಳುವಾಗ ಹಾಸಿಗೆಯಿಂದ ಎಬ್ಬಿಸಲು ಒಬ್ಬರು ಬೇಕು. ಬೆನ್ನಿನಿಂದ ಅದು ಕುತ್ತಿಗೆಗೆ ಏರಿತು. ಪಕ್ಕದಿಂದ ಯಾರಾದರೂ ಕರೆದರೆ ಮುಖ ತಿರುಗುತ್ತಿರಲಿಲ್ಲ, ಇಡೀ ಮೈ ತಿರುಗಿಸಿ ನೋಡುತ್ತಿದ್ದರು. ಬಸ್ಸು ಮುಂದಕ್ಕೆ ಓಡಿಸಲು ಕಷ್ಟವಾಗಲಿಲ್ಲ. ರಿವರ್ಸ್ ತೆಗೆಯುವಾಗ ಮಾತ್ರ ಕಂಡಕ್ಟರ್ ಪ್ರತಿ ಸಲ ಇಳಿದು ಹಿಂದೆ ನಿಂತು ಸೀಟಿ ಊದಬೇಕಾಗುತ್ತಿತ್ತು.

ಇದನ್ನು ಬಸ್ಸಿನ ಮಾಲೀಕರು ನೋಡಿದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ದೀಪಾವಳಿ ತನಕ ನೋಡುವ, ಅಷ್ಟರಲ್ಲಿ ಕುತ್ತಿಗೆ ಸರಿಯಾಗದಿದ್ದರೆ ಸ್ಟೇರಿಂಗ್ ಬಿಟ್ಟು ಬುಕಿಂಗ್ ಕೌಂಟರಿನಲ್ಲಿ ಕೂತುಕೋ ಎಂದರು. ಸಂಬಳದಲ್ಲಿ ದೊಡ್ಡ ವ್ಯತ್ಯಾಸವೇನೂ ಆಗುವುದಿಲ್ಲ ಎಂದೂ ಹೇಳಿದರು. ನಮ್ಮ ಮನೆಯವರು ಅವತ್ತು ಊಟ ಮಾಡಲಿಲ್ಲ. ಇಪ್ಪತ್ತೆರಡು ವರ್ಷ ಆ ಸೀಟಿನಲ್ಲಿ ಕೂತವರು. ಅವರನ್ನು ಕೌಂಟರಿನ ಕಿಂಡಿಯ ಹಿಂದೆ ನೆನೆಸಿಕೊಂಡು ನನಗೂ ಊಟ ಸೇರಲಿಲ್ಲ.

ಶಿವಮೊಗ್ಗದ ಡಾಕ್ಟರು ಮಾತ್ರೆ ಬರೆದುಕೊಟ್ಟರು, ದಿನಾ ಮಾಡುವ ವ್ಯಾಯಾಮ ತೋರಿಸಿದರು. ಕೊನೆಗೆ, ಪಿಷ್ಟ ಮತ್ತು ಹಾಲಿನ ಪದಾರ್ಥ ಬಿಟ್ಟರೆ ಕೆಲವರಿಗೆ ಹಗುರಾಗುವುದುಂಟು, ಎಲ್ಲರಿಗೂ ಅಲ್ಲ, ಮಾತ್ರೆ ನಿಲ್ಲಿಸದೆ ಕೆಲವು ತಿಂಗಳು ಬಿಟ್ಟು ನೋಡಿ ಎಂದರು. ಪಿಷ್ಟ ಎಂದಾಗ ನಾವು ಮೂವರೂ, ಅಂದರೆ ಇವರು, ನಾನು, ನನ್ನ ಅತ್ತೆ, ಬಾಯಿ ಬಿಟ್ಟುಕೊಂಡು ಕೂತಿದ್ದೆವು. ಅದನ್ನು ಕಂಡು ಡಾಕ್ಟರು ಸುಲಭ ಮಾಡಿ ಹೇಳಿದರು:

"ಗಂಜಿ. ಗಂಜಿ ಅಂಶ ಬಿಡಿ."

ಅಷ್ಟು ಸಾಕಾಯಿತು ನನಗೆ. ವಾಪಸ್ಸು ಬರುವ ಬಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಗಂಜಿ, ಮೇಲೊಂದು ಮಾವಿನ ಮಿಡಿ ಉಪ್ಪಿನಕಾಯಿ. ಮಾರನೇ ದಿನದಿಂದಲೇ ಗಂಜಿ ಬಂದ್. ಕಾಯಿಲೆಯವನಿಗೆ ಗಂಜಿ ಕೊಡಬೇಡಿ ಅನ್ನುವ ಡಾಕ್ಟರನ್ನು ಇದೇ ಮೊದಲು ಕಂಡಿದ್ದು ಎಂದು ಅತ್ತೆ ಗೊಣಗಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಜಿಯ ಬದಲಿಗೆ ಕಡುಬು ಕೊಟ್ಟೆ, ನೀರುದೋಸೆ ಕೊಟ್ಟೆ, ಡಬ್ಬಿಗೆ ಒಗ್ಗರಣೆ ಅವಲಕ್ಕಿ, ಸಂಜೆಗೆ ಬೇಯಿಸಿದ ಹಲಸಿನ ಬೀಜ. ಹಾಲು, ಮಜ್ಜಿಗೆ, ತುಪ್ಪ ಪೂರ್ತಿ ನಿಲ್ಲಿಸಿದೆ. ಯಾವುದಕ್ಕೂ ಇರಲಿ ಎಂದು ನಾನು ಸ್ಕೂಲಿಗೆ ಉಡುವ ಕಾಟನ್ ಸೀರೆಗೆ ಗಂಜಿ ಹಾಕುವುದನ್ನೂ ಬಿಟ್ಟೆ. ಒಂದು ತಿಂಗಳು ಸೀರೆ ಮುದ್ದೆಯಾಗಿ ಓಡಾಡಿದೆ. ಕುತ್ತಿಗೆ ಇದ್ದಲ್ಲೇ ಇತ್ತು.

ನಾನು ಹೈಸ್ಕೂಲೊಂದರಲ್ಲಿ ವಿಜ್ಞಾನದ ಪ್ರಯೋಗಾಲಯದ ಅಟೆಂಡರ್. ಪ್ರಯೋಗ ಮುಗಿದ ಮೇಲೆ ಗಾಜಿನ ಸಾಮಾನು ತೊಳೆದಿಡುವುದು ನನ್ನ ಕೆಲಸ. ಅವತ್ತು ಮಕ್ಕಳು ಅನ್ನ, ಆಲೂಗಡ್ಡೆ, ಅವಲಕ್ಕಿ, ಬಾಳೆಕಾಯಿಯ ಚೂರುಗಳ ಮೇಲೆ ಅಯೋಡಿನ್ ಹನಿ ಹಾಕುತ್ತಿದ್ದರು. ಎಲ್ಲವೂ ಕಪ್ಪುನೀಲಿಯಾದವು. ಟೀಚರು ಬೋರ್ಡಿನ ಮೇಲೆ ದೊಡ್ಡದಾಗಿ 'ಪಿಷ್ಟ ಇದೆ' ಎಂದು ಬರೆದರು. ನಾನು ಕೈಯಲ್ಲಿ ಬ್ರಷ್ ಹಿಡಿದುಕೊಂಡು ನಿಂತೇಬಿಟ್ಟೆ. ಹದಿನೆಂಟು ವರ್ಷ ಆ ಕಪ್ಪು ಬಣ್ಣವನ್ನು ತಿಕ್ಕಿ ತಿಕ್ಕಿ ತೊಳೆದಿದ್ದೇನೆ, ಅದು ಏನು ಎಂದು ಒಂದು ದಿನವೂ ಕೇಳಿರಲಿಲ್ಲ. ಗಂಜಿ ಬಿಡಿಸಿ ನಾನು ಗಂಡನಿಗೆ ಕೊಡುತ್ತಿದ್ದುದೆಲ್ಲ ಗಂಜಿಯೇ. ನಾಚಿಕೆಯಾಯಿತು. ಟೀಚರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವರು ನಗಲಿಲ್ಲ. ಮನೆಯಲ್ಲೂ ಇದೇ ಪರೀಕ್ಷೆ ಮಾಡಬಹುದು, ಅಂದಾಜಿಗೆ ಸಾಕು, ಹನಿ ಬಿದ್ದ ಚೂರನ್ನು ಮಾತ್ರ ತಿನ್ನದೆ ಎಸೆಯಿರಿ ಎಂದರು.

ಸಂಜೆ ಕೊಪ್ಪದ ಮೆಡಿಕಲ್ ಶಾಪಿನಲ್ಲಿ ಟಿಂಚರ್ ಬಾಟಲಿ ತೆಗೆದುಕೊಂಡು ಮನೆಗೆ ಬಂದು, ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಅಕ್ಕಿ, ಅವಲಕ್ಕಿ, ರವೆ, ಹೆಸರುಕಾಳು, ಹಲಸಿನ ಬೀಜ ಒಂದಾದ ಮೇಲೊಂದು ಮುಖ ಕಪ್ಪು ಮಾಡಿಕೊಂಡವು. ಗೋಡಂಬಿಯೂ ಕಪ್ಪು. ಶೇಂಗಾ ಅಲ್ಲಲ್ಲಿ ಕಪ್ಪು. ಬಾಳೆಕಾಯಿ ಕಪ್ಪು, ಸಿಪ್ಪೆಯ ಮೇಲೆ ಚುಕ್ಕೆ ಬಿದ್ದು ಕಳಿತ ಹಣ್ಣು ಕಪ್ಪಿಲ್ಲ. ತೆಂಗಿನಕಾಯಿ, ಎಳ್ಳು, ಮೊಟ್ಟೆ, ಸೌತೆಕಾಯಿ, ನೆಲ್ಲಿಕಾಯಿ, ಚಕ್ಕೋತ, ಒಣಸೀಗಡಿ, ಇವುಗಳ ಮೇಲೆ ಹನಿ ಟಿಂಚರಿನ ಕಂದು ಬಣ್ಣದಲ್ಲೇ ಉಳಿಯಿತು, ಇಲ್ಲವೇ ಬಣ್ಣ ಕಳೆದುಕೊಂಡಿತು. ಆ ಸಾಲನ್ನು ನೋಡಿ ನನಗೆ ಜೀವ ಬಂದಂತಾಯಿತು. ಫೋನಿನಲ್ಲಿ ಹುಡುಕಿದರೆ ಬಾದಾಮಿ ಹಿಟ್ಟಿನ ಬಿಸ್ಕತ್ತು, ವಿದೇಶದ ಕಾಯಿಪುಡಿ ಎಂದು ನಮ್ಮಂಥವರು ಅಂಗಡಿಯ ಹೊರಗೆ ನಿಂತು ನೋಡಬೇಕಾದ ಸಾಮಾನುಗಳೇ ಬರುತ್ತಿದ್ದವು. ನನ್ನ ಸಾಲಿನಲ್ಲಿ ಇದ್ದದ್ದು ಹಿತ್ತಲಿನದು, ಇಲ್ಲವೇ ಸಂತೆಯದು.

ಬೆಣ್ಣೆಹಣ್ಣು ಮಾತ್ರ ಜಗಳಕ್ಕೆ ಕಾರಣವಾಯಿತು. ಪೇಟೆಯವರು ಅದಕ್ಕೆ ಚಿನ್ನದ ಬೆಲೆ ಕೊಡುತ್ತಾರಂತೆ, ನಮ್ಮ ಕಡೆ ಕಾಫಿ ಎಸ್ಟೇಟಿನ ಅಂಚಿನಲ್ಲಿ ಬಿದ್ದು ಕೊಳೆಯುತ್ತದೆ. ನಾಲ್ಕು ಹೆಕ್ಕಿಕೊಂಡು ಬಂದರೆ ಅತ್ತೆ ಬಾಗಿಲಲ್ಲೇ ತಡೆದರು. ಡಾಕ್ಟರು ಬೆಣ್ಣೆ ಬೇಡ ಎಂದ ಮೇಲೆ ಬೆಣ್ಣೆಹಣ್ಣು ಹೇಗೆ ಕೊಡುತ್ತೀಯ ಎಂಬುದು ಅವರ ಪ್ರಶ್ನೆ. ಹಸುವಿಗೂ ಆ ಮರಕ್ಕೂ ಸಂಬಂಧವಿಲ್ಲ ಎಂದು ಒಪ್ಪಿಸಲು ಎರಡು ದಿನ ಹಿಡಿಯಿತು. ಗಂಜಿಯ ವಿಷಯದಲ್ಲಿ ನಾನು ಮಾಡಿದ್ದೂ ಇದನ್ನೇ ಎಂದು ನೆನಪಾಗಿ ದನಿ ಸ್ವಲ್ಪ ತಗ್ಗಿಸಿದೆ.

ಡಬ್ಬಿಯ ತಿಂಡಿ ನನ್ನ ಹೆಮ್ಮೆ. ತೆಂಗಿನಕಾಯಿಯನ್ನು ತೆಳ್ಳಗೆ ಚೂರು ಮಾಡಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಒಣಮೆಣಸು, ಧಾರಾಳವಾಗಿ ಇಂಗು ಹಾಕಿ ಅಂಚು ಕೆಂಪಗಾಗುವ ತನಕ ಹುರಿಯುವುದು. ಜೊತೆಗೆ ಎರಡು ಬೇಯಿಸಿದ ಮೊಟ್ಟೆ, ಉಪ್ಪುಖಾರ ಹಚ್ಚಿದ ಚಕ್ಕೋತದ ತೊಳೆ. ಕಂಡಕ್ಟರೂ ಅದಕ್ಕೆ ಕೈ ಹಾಕುತ್ತಾರೆಂದು ಗೊತ್ತಾದ ಮೇಲೆ ಒಂದು ಹಿಡಿ ಜಾಸ್ತಿ ಹುರಿಯತೊಡಗಿದೆ.

ದುಡ್ಡು ಕೊಟ್ಟು ಕೊಳ್ಳುವ ತಿಂಡಿಗಿಂತ ಬಿಟ್ಟಿ ತಿಂಡಿಯೇ ದೊಡ್ಡ ಸಮಸ್ಯೆ ಎಂದು ಆಮೇಲೆ ತಿಳಿಯಿತು. ಶೃಂಗೇರಿಯಲ್ಲಿ ಇವರ ಬಸ್ಸು ನಿಲ್ಲುವ ಹತ್ತಿರದ ಹೋಟೆಲಿನಲ್ಲಿ ಡ್ರೈವರಿಗೆ, ಕಂಡಕ್ಟರಿಗೆ ಬಿಲ್ ಮಾಡುವ ಪದ್ಧತಿ ಇಲ್ಲ. ಕೂತ ಕೂಡಲೇ ಬನ್ಸು, ಚಟ್ನಿ, ಹಾಲು ಹೆಚ್ಚು ಹಾಕಿದ ಕಾಫಿ ತಾವಾಗಿಯೇ ಬರುತ್ತವೆ. ಇವರು ಬೇಡ ಎಂದಿದ್ದಕ್ಕೆ ಹೋಟೆಲಿನ ಭಟ್ಟರು ಮುಖ ಸಣ್ಣ ಮಾಡಿಕೊಂಡರಂತೆ. ಒಂದು ಭಾನುವಾರ ನಾನೇ ಹೋದೆ. ವಿಷಯ ಹೇಳಿ, ಕಾಯಿ ಚಟ್ನಿಯಾದರೂ ಆಗುತ್ತದೆಯೋ ನೋಡುವ ಎಂದು ಒಂದು ಚಮಚದಲ್ಲಿ ತೆಗೆದು ಹನಿ ಹಾಕಿದೆ. ಹುರಿಗಡಲೆ ಎಷ್ಟಿತ್ತೋ, ಚಟ್ನಿ ಮಸಿಯಾಯಿತು. ಪಕ್ಕದ ಟೇಬಲ್ಲಿನವರು ಎದ್ದುಹೋದರು. ಭಟ್ಟರಿಗೆ ಸಿಟ್ಟು ಬಂದದ್ದು ಸಹಜವೇ, ಆದರೂ ತಡೆದುಕೊಂಡರು.

"ಹಾಂಗಾದ್ರೆ ಎಂತ ಕೊಡ್ಲಿ, ನೀವೇ ಹೇಳಿ. ಡ್ರೈವರನ್ನ ಬರೀ ಹೊಟ್ಟೇಲಿ ಕಳ್ಸುಕೆ ಆಗುದಿಲ್ಲ ನಂಗೆ."

ಬೆಲ್ಲ ಹಾಕಿದ ಕರಿ ಕಾಫಿ ಮತ್ತು ಚಟ್ನಿಗೆಂದು ಒಡೆದಿಟ್ಟ ಕಾಯಿಯ ನಾಲ್ಕು ಚೂರು ಎಂದೆ. ಇವತ್ತಿಗೂ ಅದು ನಡೆಯುತ್ತಿದೆ. ಬಾಟಲಿ ತೆಗೆದುಕೊಂಡು ನಾನು ಒಳಗೆ ಬರಬಾರದು ಎಂಬ ಷರತ್ತು ಮಾತ್ರ ಉಂಟು.

ಎರಡು ತಿಂಗಳಾಗುವಾಗ ಇವರು ತಾವಾಗಿಯೇ ಹಾಸಿಗೆಯಿಂದ ಎದ್ದರು. ಕುತ್ತಿಗೆ ಸ್ವಲ್ಪ ಸಡಿಲವಾಯಿತು. ನಾನು ಬೀಗಿಕೊಂಡು ಓಡಾಡಿದೆ. ಆದರೆ ನವರಾತ್ರಿಯ ಹೊತ್ತಿಗೆ ಮತ್ತೆ ಸೆಟೆದುಕೊಂಡಿತು. ದೀಪಾವಳಿ ಹತ್ತಿರ ಬರುತ್ತಿತ್ತು. ಎಲ್ಲೋ ಪಿಷ್ಟ ಒಳಗೆ ಹೋಗುತ್ತಿದೆ ಎಂದು ನನಗೆ ಅನುಮಾನ ಹುಟ್ಟಿತು. ಡಬ್ಬಿ ತೊಳೆಯುವಾಗ ತಳದಲ್ಲಿ ನಾನು ಮಾಡದ ಒಂದು ಉಂಡೆಯ ಪುಡಿ ಕಂಡಿತು. ಮೂರು ದಿನ ಸುಮ್ಮನೆ ಗಮನಿಸಿದೆ. ನಾನು ಡಬ್ಬಿ ಕಟ್ಟಿಟ್ಟ ಮೇಲೆ ಅತ್ತೆ ಮುಚ್ಚಳ ತೆಗೆದು ಏನೋ ಹಾಕುತ್ತಿದ್ದರು.

ಇವರ ರಜೆಯ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ, ಅತ್ತೆಯ ಡಬ್ಬಿಯಿಂದ ಒಂದು ಉಂಡೆ ತಂದು ತಟ್ಟೆಯಲ್ಲಿಟ್ಟೆ. ಮಗನ ಮೇಲಿನ ಪ್ರೀತಿಗೆ ಅಕ್ಕಿ ಹಿಟ್ಟಿನ ಉಂಡೆ ತಿನ್ನಿಸಿ ಅವರನ್ನು ಕೌಂಟರಿನಲ್ಲಿ ಕೂರಿಸುತ್ತೀರಾ ಎಂದು ಕೇಳಿಯೇಬಿಟ್ಟೆ. ಇನ್ನೂ ಏನೇನೋ ಅಂದೆ. ಬರೆಯಲು ಮನಸ್ಸಿಲ್ಲ. ಅತ್ತೆ ಅನ್ನ ಕಲೆಸುವುದನ್ನು ನಿಲ್ಲಿಸಿದರು.

"ಹನಿ ಹಾಕಿ ನೋಡು," ಎಂದರು.

ಉಂಡೆ ಒಡೆದು ಹಾಕಿದೆ. ಹನಿ ಕಂದು ಬಣ್ಣದಲ್ಲೇ ಉಳಿಯಿತು. ಇನ್ನೊಂದು ಹಾಕಿದೆ. ಅದೂ ಕಂದು. ಅತ್ತೆ ಎಡಗೈಯಿಂದ ನಾನು ಹುರಿದ ಕಾಯಿಚೂರಿನ ಬಟ್ಟಲನ್ನು ನನ್ನ ಕಡೆ ದೂಡಿದರು.

"ಇದಕ್ಕೂ ಒಂದು ಹಾಕು."

ಕಾಯಿಚೂರಿನ ಮೇಲೆ ಅಂಟಿದ್ದ ಒಗ್ಗರಣೆಯ ಪುಡಿ ಅಲ್ಲಲ್ಲಿ ಕಪ್ಪಾಯಿತು. ಎಣ್ಣೆ, ಸಾಸಿವೆ, ಮೆಣಸು ಎಲ್ಲವನ್ನೂ ಒಂದೊಂದಾಗಿ ನೋಡಿದೆ. ಕೊನೆಗೆ ಇಂಗಿನ ಡಬ್ಬಿ. ಒಂದು ಚಿಟಿಕೆಗೆ ಹನಿ ಬಿದ್ದದ್ದೇ ತಡ, ಕಾಡಿಗೆಯಾಯಿತು. ಅಂಗಡಿಯ ಇಂಗಿನ ಪುಡಿಗೆ ಮೈದಾ ಬೆರೆಸುತ್ತಾರೆ ಎಂದು ಡಬ್ಬಿಯ ಮೇಲೆಯೇ ಸಣ್ಣ ಅಕ್ಷರದಲ್ಲಿ ಇತ್ತು. ಮನೆಯ ಎಲ್ಲ ಡಬ್ಬಿ ಪರೀಕ್ಷೆ ಮಾಡಿದ ನಾನು, ನನ್ನದೇ ಒಗ್ಗರಣೆಯ ಡಬ್ಬಿಯನ್ನು ಮುಟ್ಟಿರಲಿಲ್ಲ. ಚಿಟಿಕೆ ಇಂಗಿನಿಂದ ಕುತ್ತಿಗೆ ಹಿಡಿಯುವುದಿಲ್ಲ, ಈ ಕಾಯಿಲೆ ಹೀಗೆ ಏರುವುದು ಇಳಿಯುವುದು ಇದ್ದದ್ದೇ ಎಂದು ಡಾಕ್ಟರು ಆಮೇಲೆ ಹೇಳಿದರು. ಆದರೆ ಅವತ್ತು ಮೂವರ ಎದುರು ಕಪ್ಪಾಗಿದ್ದು ನನ್ನ ತಿಂಡಿ.

ಉಂಡೆಯಲ್ಲಿ ಏನಿದೆ ಎಂದು ಕೇಳಿದೆ. ಸಿಹಿಗುಂಬಳದ ಬೀಜ, ಎಳ್ಳು, ಬೆಲ್ಲ ಎಂದರು ಅತ್ತೆ. ಬೀಜ ಎಲ್ಲಿಂದ ಬಂತು ಎಂದು ಅವರು ಹೇಳಲಿಲ್ಲ, ಅಟ್ಟ ನೋಡಿ ನನಗೇ ಗೊತ್ತಾಯಿತು. ಅವರು ಮದುವೆಯಾಗಿ ಬರುವಾಗ ತವರಾದ ಕಡಹಿನಬೈಲಿನಿಂದ ತಂದ ಕುಂಬಳದ ತಳಿ ಅದು. ಪ್ರತಿ ವರ್ಷ ಬೂದಿ ಹಚ್ಚಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಮುಂದಿನ ಮಳೆಗಾಲಕ್ಕೆಂದು ಅಟ್ಟದಿಂದ ತೂಗಿಬಿಡುತ್ತಿದ್ದರು. ನಾವು ಅದನ್ನು ಮುಟ್ಟಿದರೆ ಗದರುತ್ತಿದ್ದರು. ಸಾರಿಗೆ ಹಾಕಿದ ಕುಂಬಳದ ಬೀಜ ಮುಗಿದ ಮೇಲೆ ಆ ಗಂಟು ಬಿಚ್ಚಿದ್ದಾರೆ. ಬೂದಿ ತೊಳೆದು, ಒಂದೊಂದೇ ಬೀಜದ ಸಿಪ್ಪೆಯನ್ನು ಉಗುರಿನಲ್ಲಿ ಬಿಡಿಸಿದ್ದಾರೆ. ಅಟ್ಟದಲ್ಲಿ ಖಾಲಿ ಬಟ್ಟೆ ನೇತಾಡುತ್ತಿತ್ತು.

ನನಗೆ ಒಂದು ಮಾತು ಯಾಕೆ ಹೇಳಲಿಲ್ಲ ಎಂದೆ.

"ನಾ ಮುಟ್ಟಿದ್ದಕ್ಕೆಲ್ಲ ನೀ ಬಾಟ್ಲಿ ತರ್ತೀಯ ಮಾರಾಯ್ತಿ. ಅದು ನೋಡುಕೆ ಆಗುದಿಲ್ಲ ನಂಗೆ. ನಾ ಅವನಿಗೆ ವಿಷ ಹಾಕ್ತೀನಾ?"

ನಾನು ತಪ್ಪಾಯಿತು ಎಂದೆ. ಜೀವನದಲ್ಲಿ ಆ ಮಾತನ್ನು ನಾನು ಬಹಳ ಸಲ ಹೇಳಿಲ್ಲ, ಅದಕ್ಕೇ ಇರಬೇಕು, ಇವರು ಊಟ ಬಿಟ್ಟು ನನ್ನನ್ನೇ ನೋಡಿದರು. ಇಡೀ ಮೈ ತಿರುಗಿಸಿಯೇ ನೋಡಿದರು. ಮಾರನೇ ದಿನದಿಂದ ಒಗ್ಗರಣೆಗೆ ಇಂಗು ಹೋಗಿ ಬೆಳ್ಳುಳ್ಳಿ ಬಂತು. ಉಂಡೆ ಡಬ್ಬಿಯ ತಳದಿಂದ ಮೇಲಕ್ಕೆ ಬಂತು. ಅತ್ತೆಯ ಯಾವುದಕ್ಕೂ ಆಮೇಲೆ ನಾನು ಹನಿ ಹಾಕಲಿಲ್ಲ. ಮಾತ್ರೆಯೋ, ವ್ಯಾಯಾಮವೋ, ಕಾಯಿಚೂರೋ, ಉಂಡೆಯೋ, ಯಾವುದರ ಗುಣ ಎಂದು ಬೇರೆ ಮಾಡಿ ಹೇಳಲು ನನ್ನ ಬಾಟಲಿಗೆ ಬರುವುದಿಲ್ಲ. ಎರಡು ವಾರದಲ್ಲಿ ಬಿಗಿತ ಮತ್ತೆ ಇಳಿಯಿತು.

ದೀಪಾವಳಿಗೆ ನಾಲ್ಕು ದಿನ ಇರುವಾಗ ಅತ್ತೆಯನ್ನು ಬಸ್ಸು ಹತ್ತಿಸಲು ಕೊಪ್ಪದ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಕಡಹಿನಬೈಲಿನಲ್ಲಿ ಅವರ ತಂಗಿಯ ಮನೆಯಲ್ಲಿ ಅದೇ ತಳಿಯ ಬೀಜ ಇನ್ನೂ ಉಳಿದಿದೆಯೋ ಕೇಳಿ ತರಬೇಕಿತ್ತು. ಇವರದೇ ಬಸ್ಸು. ಅತ್ತೆ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತರು. ಅಷ್ಟರಲ್ಲಿ ಮಾಲೀಕರು ಬಂದು ಬೂದುಬಣ್ಣದ ಕಾರಿನ ಪಕ್ಕ ನಿಂತರು. ಸೀಟಿ ಊದಲು ಇಳಿಯುತ್ತಿದ್ದ ಕಂಡಕ್ಟರನ್ನು ಕೈಯಲ್ಲೇ ತಡೆದರು. ಇದು ಕುತ್ತಿಗೆಯ ಪರೀಕ್ಷೆ ಎಂದು ನನಗೆ ಅರ್ಥವಾಯಿತು. ಸರಿಯಾಗಿ ನೋಡಲೆಂದು ಬಸ್ಸಿನ ಹಿಂದಕ್ಕೆ ಹೋಗಿ ನಿಂತೆ.

ಬಸ್ಸು ಹಿಂದಕ್ಕೆ ಚಲಿಸಿತು. ಇವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಹೆಗಲು ಅಲ್ಲಾಡಲಿಲ್ಲ. ಮುಖ ಮಾತ್ರ ನಿಧಾನವಾಗಿ ತಿರುಗಿತು, ಇನ್ನೂ ತಿರುಗಿತು, ಹಿಂದೆ ನಿಂತ ನನ್ನ ತನಕ ಬಂತು. ಕುತ್ತಿಗೆ ಹಿಡಿದುಕೊಂಡ ಮೇಲೆ ಮೊದಲ ಸಲ ಅವರು ನನ್ನನ್ನು ಹೆಗಲ ಮೇಲಿಂದ ನೋಡಿದ್ದು. ನನ್ನ ಕಣ್ಣು ತುಂಬಿತು. ಅವರ ಮುಖ ಗಂಟಿಕ್ಕಿತು.

"ಅಡ್ಡ ನಿಂತಿದ್ದೀಯಲ್ಲೇ ಮಾರಾಯ್ತಿ. ಆಚೆ ಸರಿ."

ಸರಿದೆ.