ಉಸಿರು ಬಿಟ್ಟರೂ ಗೊತ್ತಾಗುವ ಬೈಕು

ಗೇರಿಲ್ಲದ ಗಾಡಿ ಓಡಿಸುವವನನ್ನು ಉಯ್ಯಂಬಳ್ಳಿಯ ಬೈರೇಶ ಗಂಡಸರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅವನ ಹತ್ತಿರ ಇದ್ದದ್ದೋ, ಅಲ್ಲಲ್ಲಿ ವೆಲ್ಡಿಂಗ್ ಬಿದ್ದ ಒಂದು ಹಳೇ ಬೈಕು. ಮೊದಲ ಕಿಕ್ಕಿಗೆ ಕೆಮ್ಮುತ್ತಿತ್ತು, ಎರಡನೆಯದಕ್ಕೆ ಉಗುಳುತ್ತಿತ್ತು, ಮನಸ್ಸು ಬಂದರೆ ಮೂರನೆಯದಕ್ಕೆ ಏಳುತ್ತಿತ್ತು. ಕುರಿ ಸಾಕುವ ಮನೆತನ. ಸಂತೆಯ ದಿನ ಟ್ಯಾಂಕಿನ ಮೇಲೆ ಅಡ್ಡಲಾಗಿ ಒಂದು ಟಗರು, ಹಿಂದಿನ ಸೀಟಿಗೆ ಕಟ್ಟಿದ ಇನ್ನೊಂದು, ನಡುವೆ ತಾನು ಕೂತು ಕನಕಪುರಕ್ಕೆ ಹೋಗುತ್ತಿದ್ದ. ಮಿಕ್ಕ ದಿನ ಟಗರಿನ ಜಾಗದಲ್ಲಿ ಹೆಂಡತಿ ವರಲಕ್ಷ್ಮಿ ಕೂರುತ್ತಿದ್ದಳು. ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಸೀಟಿನ ಹಿಂದಿನ ಕಂಬಿ. ಟಗರನ್ನಾದರೂ ಹಗ್ಗದಲ್ಲಿ ಕಟ್ಟುತ್ತಿದ್ದ.

ಬೈಕಿನ ಸುಖ ಏನು ಅಂತ ಯಾರಾದರೂ ಕೇಳಲಿ, ಕೇಳದೇ ಇರಲಿ, ಅವನು ಹೇಳಿಯೇ ಹೇಳುತ್ತಿದ್ದ. ಟ್ಯಾಂಕನ್ನು ಮೊಣಕಾಲಿನಲ್ಲಿ ಅದುಮಿ ಹಿಡಿದು ತಿರುವಿನಲ್ಲಿ ವಾಲಬೇಕಂತೆ. ಮಾಗಿಯ ಬೆಳಗ್ಗೆ ಎಂಜಿನ್ನಿನ ಬಿಸಿ ಕಣಕಾಲಿಗೆ ತಾಕಬೇಕಂತೆ. ದಿಣ್ಣೆ ಹತ್ತುವಾಗ ಎಡಗಾಲು ತಾನಾಗಿಯೇ ಗೇರು ಇಳಿಸಬೇಕಂತೆ. ಕೊನೆಗೆ ತಪ್ಪದೆ ಬರುವ ಮಾತು ಒಂದು: "ಬೈಕು ಅಂದ್ರೆ ಮೈಯಿದ್ದಂಗೆ ಕಣ್ಲಾ. ಹಿಂದೆ ಕೂತೋರು ಉಸ್ರು ಬುಟ್ರೂ ಮುಂದೆ ಇರೋನ್ಗೆ ಗೊತ್ತಾಯ್ತದೆ."

ಇಂಥವನ ಬಾಮೈದ ಮ್ಯಾಕ್ಸಿ ಸ್ಕೂಟರ್ ಅನ್ನುವ ಗೇರಿಲ್ಲದ ದೊಡ್ಡ ಗಾಡಿ ತಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ದೊಡ್ಡಆಲಹಳ್ಳಿಯ ಕುಮಾರ, ವರಲಕ್ಷ್ಮಿಯ ತಮ್ಮ, ಹೋದ ಆಯುಧಪೂಜೆಗೆ ಅದನ್ನು ಮನೆ ಮುಂದೆ ತಂದು ನಿಲ್ಲಿಸಿದ್ದ. ಅಗಲವಾದ ಮೂತಿ, ಎದುರಿಗೆ ಗಾಳಿ ತಡೆಯುವ ಗಾಜು, ಕಾಲು ಚಾಚಿಕೊಳ್ಳಲು ಎರಡೂ ಕಡೆ ಜಾಗ, ಸೀಟಿನ ಕೆಳಗೆ ಎರಡು ಚೀಲ ನುಂಗುವ ಹೊಟ್ಟೆ, ಹಿಂದೆ ಕೂತವರ ಬೆನ್ನಿಗೆ ಮೆತ್ತನೆಯ ಒರಗು. ಚಕ್ರದ ಕೆಳಗೆ ನಿಂಬೆಹಣ್ಣಿಟ್ಟಿತ್ತು, ಬೂದುಗುಂಬಳ ಒಡೆದಾಗಿತ್ತು, ಬೀದಿಯ ಜನ ನೆರೆದಿದ್ದರು. ಪೂಜೆಗೆ ಬಂದಿದ್ದ ಬೈರೇಶ ಸುತ್ತಲೂ ಒಂದು ಸುತ್ತು ಹಾಕಿ, ಮಾರಾಟಕ್ಕೆ ಬಂದ ರೋಗದ ಕುರಿಯನ್ನು ನೋಡುವಂತೆ ನೋಡಿದ.

"ಇದೇನ್ಲಾ ಕುಮಾರ, ಗಾಡಿನೇನ್ಲಾ ಇದು? ನಡೂಮಧ್ಯ ದಿಣ್ಣೆ. ಒಂದು ಬೂಸಾ ಮೂಟೆ ಮಡಗಾಕೂ ಜಾಗ ಇಲ್ಲ. ಬಾಣಂತಿ ಮಂಚ ಕಣ್ಲಾ ಇದು! ಕೆಳಗೆ ಒಸಿ ಕೆಂಡ ಹಾಕ್ಬುಟ್ಟು ಮಲಿಕ್ಕೋ."

ಬೀದಿಯೆಲ್ಲ ನಕ್ಕಿತು. ಹೆಸರು ಅಂಟಿಕೊಂಡಿತು. ಕುಮಾರ ಹಾಲಿನ ಡೈರಿಗೆ ಹೋದರೆ "ಬಾಣಂತಿ ಮಂಚ ಬಂತು" ಎನ್ನುವರು, ಹೋಟೆಲಿನ ಮುಂದೆ ನಿಲ್ಲಿಸಿದರೆ "ಮಗು ಎಲ್ಲಪ್ಪ?" ಎನ್ನುವರು. ಅವನು ಆ ಗಾಡಿ ತಂದದ್ದು ಷೋಕಿಗಲ್ಲ. ತಾಯಿ ಮುನಿತಾಯಮ್ಮನಿಗೆ ಮಂಡಿ ಹೋಗಿತ್ತು. ಬೈಕಿನ ಹಿಂದೆ ಕೂರಲು ಆಗುತ್ತಿರಲಿಲ್ಲ, ವಾರಕ್ಕೊಮ್ಮೆ ಕನಕಪುರದ ಡಾಕ್ಟರ ಹತ್ತಿರ ಹೋಗಲೇಬೇಕಿತ್ತು. ಇದು ಬೈರೇಶನಿಗೂ ಗೊತ್ತಿತ್ತು. ಗೊತ್ತಿದ್ದೂ ಆಡಿದ್ದ, ಯಾಕೆಂದರೆ ನಾಲಿಗೆ ತುದಿಗೆ ಬಂದ ಚೆಂದದ ಮಾತನ್ನು ನುಂಗಿಕೊಳ್ಳುವ ಅಭ್ಯಾಸ ಅವನ ವಂಶದಲ್ಲೇ ಇರಲಿಲ್ಲ. ಅವತ್ತಿನಿಂದ ಕುಮಾರ ಬಾವನ ಜೊತೆ ಮಾತು ಬಿಟ್ಟ.

ಹಾಳಾಗಿ ಹೋಗಲಿ ಎಂದು ಬೈರೇಶನೂ ಸುಮ್ಮನಿದ್ದ. ಆದರೆ ಈಗ ಮಗಳು ಅನುಷಾಳ ಮದುವೆ ಗೊತ್ತಾಗಿತ್ತು. ಮದುವೆಗೆ ಕರೆಯುವುದೆಂದರೆ ಫೋನಿಗೆ ಕಾರ್ಡಿನ ಫೋಟೋ ಕಳಿಸುವುದಲ್ಲ. ಮೊದಲ ಕಾರ್ಡು ಮನೆದೇವರಿಗೆ, ಎರಡನೆಯದು ಹೆಣ್ಣಿನ ಸೋದರಮಾವನಿಗೆ. ಗಂಡ ಹೆಂಡತಿ ಜೋಡಿಯಾಗಿ ಹೋಗಬೇಕು. ಹೆಂಡತಿ ಕುಂಕುಮ ಇಟ್ಟು, ಎಲೆಅಡಿಕೆ ತೆಂಗಿನಕಾಯಿಯ ಜೊತೆ ಕಾರ್ಡು ಕೊಡಬೇಕು, ಗಂಡ ಬಾಯಿಬಿಟ್ಟು ಕರೆಯಬೇಕು. ಒಬ್ಬನೇ ಹೋದರೆ ಅದು ಕರೆದ ಹಾಗಲ್ಲ, ಅಪಶಕುನವನ್ನು ಹೊತ್ತುಕೊಂಡು ಹೋದ ಹಾಗೆ. ಇನ್ನು ಸೋದರಮಾವನೇ ಬರಲಿಲ್ಲವೆಂದರೆ ಹೆಣ್ಣನ್ನು ಕೈಹಿಡಿದು ಹಸೆಗೆ ತರುವವರು ಯಾರು? ವರಲಕ್ಷ್ಮಿಗೆ ಇದ್ದವನು ಅವನೊಬ್ಬನೇ ತಮ್ಮ. ವಾರದಿಂದ ಅವಳಿಗೆ ಊಟ ಸೇರಿರಲಿಲ್ಲ.

ಹೊರಡುವ ಬೆಳಗ್ಗೆ ಬೈಕು ಹತ್ತುವ ಮುಂಚೆ ಅವಳು ಹೇಳಿದಳು: "ನಿಮ್ಮ ಕಾಲಿಗೆ ಬೀಳ್ತೀನಿ, ಅಲ್ಲೋಗಿ ಅವನ ಗಾಡಿ ಸುದ್ದಿ ಎತ್ತಬ್ಯಾಡಿ."

"ನಾನ್ಯಾಕೆ ಎತ್ತಲಿ? ಎತ್ತಾಕೆ ಅದೇನು ಗಾಡಿನಾ?" ಎಂದ ಬೈರೇಶ.

ದಾರಿಯಲ್ಲಿ ಅರ್ಧ ಹೋದ ಮೇಲೆ ಒಂದು ಕುರಿಮಂದೆ ಅಡ್ಡ ಬಂತು. ಬೈಕು ನಿಂತಿತು. ಮಂದೆಯ ಹಿಂದೆ ಕಪ್ಪು ಮೂತಿಯ ಒಂದು ಟಗರು ಬರುತ್ತಿತ್ತು. ಮದುವೆಯ ಮಾರನೆಯ ದಿನ ಬೀಗರೂಟ ಇದ್ದೇ ಇತ್ತಲ್ಲ, ಬೈರೇಶನ ಕಣ್ಣು ಅದರ ಮೇಲೆ ಬಿತ್ತು.

"ಎಷ್ಟು ಹಲ್ಲಾಗೈತೆ ಅದ್ಕೆ?" ಎಂದ ಕುರಿ ಕಾಯುವವನನ್ನು.

"ನಾಲ್ಕು."

"ನಾಲ್ಕಾ? ನನ್ಗೇಳ್ತೀಯಾ? ಅದ್ರ ತೊಡೆ ನೋಡುದ್ರೆ ಎರಡೂ ನೆಟ್ಟಗಾಗಿಲ್ಲ."

ಟಗರಿನ ವಯಸ್ಸು ಹೇಳುವ ಹಲ್ಲಿನ ಜಗಳ ಬೆಳೆಯಿತು. ಆಗಲೇ ವರಲಕ್ಷ್ಮಿ ಕೈಚೀಲ ನೋಡಿಕೊಂಡಳು. ಕುಂಕುಮದ ಭರಣಿ ಇಲ್ಲ. ಹಿಂದಿನ ಹಂಪ್‌ನಲ್ಲಿ ಎಗರಿ ಬಿದ್ದಿರಬೇಕು. ಅವಳು ಗಂಡನ ಭುಜ ತಟ್ಟಿ, "ಒಸಿ ಇರಿ, ಭರಣಿ ಬಿದ್ದೋಯ್ತು, ತತ್ತೀನಿ" ಎಂದು ಇಳಿದು ಹಿಂದಕ್ಕೆ ನಡೆದಳು. ಭುಜ ತಟ್ಟಿದ್ದು ಬೈರೇಶನಿಗೆ ಗೊತ್ತಾಯಿತು, ಎಂಜಿನ್ನಿನ ಸದ್ದಿಗೆ ಮಾತು ಕೇಳಿಸಲಿಲ್ಲ. ಜಗಳ ಬಿಟ್ಟು ಹೊರಡಿ ಅನ್ನುತ್ತಿದ್ದಾಳೆ ಎಂದುಕೊಂಡ. ಕುರಿಯವನ ಕಡೆಗೆ ತಾತ್ಸಾರದಿಂದ ಒಮ್ಮೆ ಉಗುಳಿ, ಎಂಜಿನ್ನನ್ನು ದಾರಿಯೇ ನಡುಗುವಂತೆ ಅಬ್ಬರಿಸಿ, ಹೊರಟೇಬಿಟ್ಟ.

ಹೋಗುತ್ತಾ ಹೋಗುತ್ತಾ ಅವನಿಗೆ ಮಾತು ಬಂತು. "ನೋಡು, ಈಗ ಬತ್ತದೆ ತಿರುವು. ವಾಲ್ಸಿ ಹೊಡಿಬೇಕು. ನಿನ್ನ ತಮ್ಮನ ಮಂಚದಲ್ಲಿ ಆಯ್ತದಾ ಇದು? ಅದ್ರಲ್ಲಿ ಕೂತೋನು ಸೋಫಾದಲ್ಲಿ ಕೂತು ಟೀವಿ ನೋಡ್ದಂಗೆ ಹೋಗ್ಬೇಕು. ಹಿಂದೆ ಯಾರು ಕೂತವ್ರೆ, ಯಾರು ಬಿದ್ರು, ಒಂದೂ ತಿಳಿಯಾಕಿಲ್ಲ." ಹಿಂದಿನಿಂದ ಉತ್ತರ ಬರಲಿಲ್ಲ. ಮದುವೆಯಾದಾಗಿಂದ ಬಂದದ್ದೂ ಇಲ್ಲ. ಹೆಂಡತಿಯ ಮೌನವನ್ನು ಬೈರೇಶ ಯಾವಾಗಲೂ ಒಪ್ಪಿಗೆ ಎಂದೇ ತಿಳಿದವನು. ಇವತ್ತು ಬೈಕು ಎಂದಿಗಿಂತ ಹಗುರವಾಗಿ ಎಳೆಯುತ್ತಿದೆ ಅಂತ ಅವನಿಗೆ ಅನ್ನಿಸಿತ್ತು. ಅದನ್ನು ಮೊನ್ನೆ ಬದಲಿಸಿದ ಆಯಿಲ್ಲಿನ ಮಹಿಮೆ ಎಂದುಕೊಂಡು ಹಿಗ್ಗಿದ.

ದೊಡ್ಡಆಲಹಳ್ಳಿಯಲ್ಲಿ ಬಾಮೈದನ ಮನೆಯ ಮುಂದೆ ಬೈಕು ನಿಲ್ಲಿಸಿದಾಗ ಜಗಲಿಯಲ್ಲಿ ಕುಮಾರ ಕೂತಿದ್ದ. ಎದ್ದು ನಿಲ್ಲಲಿಲ್ಲ. ಒಳಗಿನಿಂದ ಮುನಿತಾಯಮ್ಮ ಗೋಡೆ ಹಿಡಿದುಕೊಂಡು ಬಂದರು. ಅಳಿಯನನ್ನು ನೋಡಿದರು, ಅಳಿಯನ ಹಿಂದೆ ನೋಡಿದರು.

"ಇದೇನ್ ಅಳಿಮಯ್ಯ, ಒಬ್ರೇ ಬಂದ್ರಿ? ನನ್ನ ಮಗಳೆಲ್ಲಿ?"

"ಇಲ್ಲೇ ಅವ್ಳಲ್ಲ..." ಎಂದು ಬೈರೇಶ ತಿರುಗಿದ. ಸೀಟು ಖಾಲಿ. ಕೈಯಿಟ್ಟು ನೋಡಿದ, ಹೆಂಡತಿ ಸೀಟಿನ ಸಂದಿಯಲ್ಲಿ ಎಲ್ಲಾದರೂ ಸಿಕ್ಕಿಕೊಂಡಿರಬಹುದು ಎನ್ನುವವನ ಹಾಗೆ. ಸೀಟು ತಣ್ಣಗಿತ್ತು. ಬೈರೇಶ ಇಂಗು ತಿಂದ ಮಂಗನಾದ. ಬಿದ್ದುಗಿದ್ದು ಹೋದಳಾ? ಅವಸರದಲ್ಲಿ ಕಿಕ್ ಹೊಡೆದ. ಬೈಕು ಕೆಮ್ಮಿತು. ಇನ್ನೊಂದು ಹೊಡೆದ. ಉಗುಳಿತು.

ಕುಮಾರ ಎದ್ದವನೇ ಮಂಚದ ಬೀಗದ ಕೈ ತೆಗೆದುಕೊಂಡು, ಒಂದು ಬಟನ್ ಒತ್ತಿ, ಸದ್ದೇ ಇಲ್ಲದೆ ಹೊರಟುಹೋದ.

"ನಾನೂ ಹೋಯ್ತೀನಿ ಅತ್ತೆ" ಎಂದ ಬೈರೇಶ.

"ನೀವು ಕೂತ್ಕಳಿ ಅಳಿಮಯ್ಯ," ಎಂದರು ಮುನಿತಾಯಮ್ಮ. "ಇನ್ನೊಂದ್ಸಲ ಹೋದ್ರೆ ಇನ್ಯಾರ್‍ನ ಬುಟ್ಬುಟ್ಟು ಬತ್ತೀರೋ."

ನೀರಿನ ಚೊಂಬನ್ನು ಅವನ ಮುಂದೆ ಕುಕ್ಕಿ, ಆಕೆ ಎದುರಿಗೇ ಕೂತರು. "ಆ ಬಾಣಂತಿ ಮಂಚದಲ್ಲಿ ಮಲಗೋಳು ನಾನೇ ಕಣಪ್ಪ. ಊರ್‍ನೋರು ನಗೋದು ನನ್ನ ಮಗನ್ನ ನೋಡಿ ಅಲ್ಲ, ನನ್ನ ಮಂಡಿ ನೋಡಿ." ಬೈರೇಶ ಚೊಂಬು ಎತ್ತಿದ. ಜೀವನದಲ್ಲಿ ಮೊದಲ ಸಲ ನಾಲಿಗೆ ತುದಿಗೆ ಬಂದ ಮಾತನ್ನು ನೀರಿನ ಜೊತೆ ನುಂಗಿಕೊಂಡ.

ಕುಮಾರ ಅಕ್ಕನನ್ನು ಕರೆತಂದ. ವರಲಕ್ಷ್ಮಿ ಒರಗಿಗೆ ಬೆನ್ನು ಕೊಟ್ಟು, ಕಾಲು ಊರಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಬಂದಳು. ಹೂವು ಮುಡಿದ ಹಾಗೇ ಇತ್ತು, ಸೆರಗು ಜಾರಿರಲಿಲ್ಲ. ಮದುವೆಯಾದ ಮೇಲೆ ಅವಳು ಗಾಡಿಯಲ್ಲಿ ಕೂತು ಎರಡೂ ಕೈ ಬಿಡುವಾಗಿ ಇಟ್ಟುಕೊಂಡಿದ್ದನ್ನು ಬೈರೇಶ ನೋಡಿರಲಿಲ್ಲ. ಬೈಯುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ. ಸೀಟಿನ ಕೆಳಗಿನಿಂದ ಚೀಲ ತೆಗೆದು, ಭರಣಿಯ ಮಣ್ಣು ಒರೆಸಿ, "ಬನ್ನಿ, ಪಕ್ಕಕ್ಕೆ ನಿಂತ್ಕಳಿ" ಎಂದಳು.

ತಾಯಿಗೆ ಕುಂಕುಮವಿಟ್ಟು ತಮ್ಮನಿಗೆ ಕಾರ್ಡು ನೀಡಿದಳು. ಕುಮಾರ ಕೈ ಚಾಚಲಿಲ್ಲ.

"ಯಾರಕ್ಕ ಕರೀತಾ ಇರೋದು? ನೀನೊಬ್ಳೇನಾ?"

ವರಲಕ್ಷ್ಮಿ ತೆಂಗಿನಕಾಯಿ ಹಿಡಿದುಕೊಂಡೇ ಗಂಡನ ಕಡೆ ತಿರುಗಿದಳು. ಬೈರೇಶ ಎರಡು ಸಲ ಗಂಟಲು ಸರಿಮಾಡಿಕೊಂಡ.

"ಅನೂನ ಸೋದರಮಾವ ನೀನು. ಮುಂದೆ ನಿಂತು ನಡೆಸ್ಕೊಡ್ಬೇಕು."

"ಯಾವ್ದ್ರಲ್ಲಿ ಬರ್ಲಿ ಬಾವ? ಬಾಣಂತಿ ಮಂಚದಲ್ಲಾ?"

ಪಕ್ಕದ ಮನೆಯ ಇಬ್ಬರು ಬೇಲಿಯಾಚೆ ಕಿವಿ ನಿಮಿರಿಸಿ ನಿಂತಿದ್ದರು. ಬೈರೇಶನಿಗೆ ಅವರನ್ನು ಕಂಡು ಮೈ ಉರಿಯಿತು, ಬಾಮೈದನನ್ನು ಕಂಡು ಉರಿಯಿತು, ಆ ದಪ್ಪ ಮೂತಿಯ ಗಾಡಿಯನ್ನು ಕಂಡು ಇನ್ನೂ ಉರಿಯಿತು. ಆದರೆ ಹೆಂಡತಿ ಅವನನ್ನೇ ನೋಡುತ್ತಿದ್ದಳು.

"ಗಾಡೀಲಿ ಬಾ," ಎಂದ. "ನಿನ್ನ ಗಾಡೀಲಿ. ಅತ್ತೇನೂ ಕೂರಿಸ್ಕೊಂಡು ಬಾ. ಆಡ್ಬಾರ್ದಾಗಿತ್ತು ನಾನು."

ಕುಮಾರ ಕಾರ್ಡು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ವರಲಕ್ಷ್ಮಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅಡುಗೆಮನೆಗೆ ಹೋದಳು. ಅವತ್ತು ಅಲ್ಲಿ ಎರಡು ಮುದ್ದೆ ಉಂಡಳು.

ಸಂಜೆ ಹಿಂದಕ್ಕೆ ಬರುವಾಗ ಅವಳು ಅದೇ ಬೈಕಿನ ಹಿಂದೆ, ಅದೇ ಒಂದು ಪಕ್ಕಕ್ಕೆ ಕೂತಳು. ಬೈರೇಶ ಬಾಯಿ ಬಿಡದೆ ಓಡಿಸಿದ. ಬೆಳಗಿನ ಹಂಪ್ ಬಂತು, ಮೆಲ್ಲಗೆ ದಾಟಿಸಿದ. ಬೈಕು ಹಗುರವಾಯಿತೋ ಇಲ್ಲವೋ ತಿಳಿಯಲಿಲ್ಲ.

"ಕೂತಿದ್ದೀಯೇನೇ?" ಎಂದ.

ಉತ್ತರವಿಲ್ಲ. ಇನ್ನಷ್ಟು ದೂರ ಹೋಗಿ ಮತ್ತೆ ಕೇಳಿದ. ಆಗಲೂ ಇಲ್ಲ. ಕೊನೆಗೆ ತಡೆಯಲಾರದೆ ಬೈಕು ನಿಲ್ಲಿಸಿ ತಿರುಗಿ ನೋಡಿದ. ವರಲಕ್ಷ್ಮಿ ಕಂಬಿ ಹಿಡಿದುಕೊಂಡು ಕೂತಿದ್ದಳು.

"ಇದ್ರೆ ಹೂಂ ಅನ್ನಬಾರ್ದೇನೇ?"

"ಉಸ್ರು ಬುಟ್ರೂ ಗೊತ್ತಾಯ್ತದೆ ಅಂತಿದ್ರಲ್ಲ," ಎಂದಳು ಅವಳು. "ಮದುವೆ ಆದಾಗಿಂದ ಬುಡ್ತಾನೇ ಇವ್ನಿ. ನಡೀರಿ."