ಆ ನಗು ನನಗಾಗಿ ನಕ್ಕಿದ್ದಲ್ಲ

ನಾಗವೇಣಿಯವರೇ, ಹನ್ನೊಂದು ವರ್ಷದ ಹಿಂದೆ ನಿಮ್ಮ ಮೈದುನನಿಗೆ ನಾನು ಹೇಳಿದ್ದು ಸುಳ್ಳು. ನಾನು ನಿಮ್ಮ ಹತ್ತಿರ ಬಂದಿರಲಿಲ್ಲ, ನಿಮ್ಮನ್ನು ಕೇಳಿರಲಿಲ್ಲ, ನೀವು ನನ್ನ ಕ್ಯಾಮೆರಾಕ್ಕೆ ನಕ್ಕಿರಲೂ ಇಲ್ಲ. ನೀವು ನನ್ನ ಮುಖವನ್ನೇ ಕಂಡಿರಲಿಲ್ಲ — ನಿಜ ಹೇಳಿದವರು ನೀವೊಬ್ಬರೇ.

ನಾನು ಕುಮಟಾದ ಶಾಲೆಯೊಂದರಲ್ಲಿ ಚಿತ್ರಕಲೆಯ ಮಾಸ್ತರ. ರಜೆ ಸಿಕ್ಕಿದರೆ ಕ್ಯಾಮೆರಾ ಹೆಗಲಿಗೇರಿಸಿ ಕಡಲ ದಂಡೆ ಸುತ್ತುವವನು. ಹೊಸಬರು ಯಾರಾದರೂ ‘ತಿರುಗಾಟಕ್ಕೆ ಝೂಮ್ ಲೆನ್ಸ್ ಒಳ್ಳೆಯದೋ, ಫಿಕ್ಸೆಡ್ ಲೆನ್ಸೋ’ ಎಂದರೆ ಸಾಕು, ನನ್ನ ಭಾಷಣ ಶುರು. ಫಿಕ್ಸೆಡ್ ಹಾಕಿದವನು ನಡೆದು ಹತ್ತಿರ ಹೋಗಬೇಕು, ಮಾತಾಡಿಸಬೇಕು; ಝೂಮ್ ಹಾಕಿದವನು ದೂರ ನಿಂತು ಕದಿಯುತ್ತಾನೆ — ಹೀಗೆಲ್ಲ. ಹೇಳೋದು ಶಾಸ್ತ್ರ, ಹಾಕೋದು ಗಾಳ. ನನ್ನ ಚೀಲದ ತಳದಲ್ಲಿ ಝೂಮ್ ಲೆನ್ಸ್ ಯಾವಾಗಲೂ ಇರುತ್ತಿತ್ತು.

ಆ ಬೆಳಿಗ್ಗೆ ಕಾಸರಕೋಡಿನಲ್ಲಿ ನೀವು ಮೀನು ಒಣಹಾಕುತ್ತಿದ್ದಿರಿ. ನಾನು ದೂರದ ರಸ್ತೆಯಂಚಿನಲ್ಲಿದ್ದೆ. ನಿಮ್ಮ ಮೂರು ವರ್ಷದ ಮಗಳು ಕಾಗೆ ಓಡಿಸಲು ಹೋಗಿ, ಕೋಲಿನ ಸಮೇತ ಮರಳಲ್ಲಿ ಬಿದ್ದು, ಕಾಗೆಗೇ ಬೈಯತೊಡಗಿದಳು. ನೀವು ತಲೆ ಎತ್ತಿ ನಕ್ಕಿರಿ. ದೂರದ್ದು ಹತ್ತಿರವಾಗುವಂತೆ ಝೂಮನ್ನು ಮುನ್ನೂರು ಎಂಎಂವರೆಗೆ ತಿರುಗಿಸಿ ಒತ್ತಿದೆ. ಚೌಕಟ್ಟಿನ ತುಂಬ ನಿಮ್ಮ ಮುಖವೊಂದೇ; ಮಗು ಹೊರಗುಳಿಯಿತು. ಮೂವತ್ತೈದು ಎಂಎಂನ ಫಿಕ್ಸೆಡ್ ಲೆನ್ಸ್ ಹಾಕಿ ಹತ್ತಿರ ಬಂದಿದ್ದರೆ ಅವಳೂ ಚಿತ್ರದಲ್ಲಿರುತ್ತಿದ್ದಳು.

ಕುಮಟಾದ ಛಾಯಾಚಿತ್ರ ಪ್ರದರ್ಶನದಲ್ಲಿ ಆ ಚಿತ್ರದಡಿ ನಾನೇ ಬರೆದೆ: ‘ಫಿಕ್ಸೆಡ್ ಲೆನ್ಸ್. ಎದುರು ನಿಂತು, ಕೇಳಿ ತೆಗೆದದ್ದು.’ ನನ್ನ ಮಾತು ಮೇಲಾಗಬೇಕಿತ್ತು ನೋಡಿ. ಪತ್ರಿಕೆಯೊಂದು ಆ ಸಾಲಿನ ಸಮೇತ ಅಚ್ಚು ಹಾಕಿತು.

ವಾರದೊಳಗೆ ನಿಮ್ಮ ಮೈದುನ ಆ ಪತ್ರಿಕೆ ಹಿಡಿದು ಶಾಲೆಗೆ ಬಂದರು. ಅವರಿಂದಲೇ ನನಗೆ ಗೊತ್ತಾದದ್ದು — ನಿಮ್ಮ ಗಂಡನ ದೋಣಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮಗುಚಿ, ನಾನು ಚಿತ್ರ ತೆಗೆದ ದಿನಕ್ಕೆ ಹದಿನೆಂಟು ದಿನವಾಗಿತ್ತು. ದೇಹವೂ ಸಿಕ್ಕಿರಲಿಲ್ಲ.

“ಮಾಸ್ತರ್ರೇ, ಒಂದೇ ಮಾತು ಹೇಳಿ. ಅತ್ತಿಗೆ ನಿಮ್ಮ ಎದ್ರಿಗೆ ನಿತ್ಕಂಡು ನಗಾಡಿದ್ದು ಖರೇನಾ? ಯಾರೂ ಬರ್ಲೇ ಇಲ್ಲ ಅಂತಾಳೆ ಅವ್ಳು.”

ಸ್ಟಾಫ್ ರೂಮಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಇಲ್ಲ ಎಂದಿದ್ದರೆ — ನನ್ನ ಬಣ್ಣ ಬಯಲಾಗುತ್ತಿತ್ತು, ನಾಲ್ಕು ದಿನ ಆಡಿಕೊಂಡು ನಗುತ್ತಿದ್ದರು. ಅಷ್ಟೇ. ಅಷ್ಟಕ್ಕೇ ನಾನು —

“ಹೌದು. ಕೇಳಿಯೇ ತೆಗೆದೆ.”

“ಆತು,” ಎಂದು ಪತ್ರಿಕೆ ಮಡಚಿಕೊಂಡು ಹೊರಟರು.

ಗಂಡ ಕಡಲಪಾಲಾದಾಗ ಪರಗಂಡಸಿಗೆ ಹಲ್ಲು ಕಿರಿದವಳು, ಮೇಲಿಂದ ಸುಳ್ಳುಗಾರ್ತಿ ಎಂದು ಗಂಡನ ಮನೆಯವರು ನಿಮ್ಮನ್ನು ಭಟ್ಕಳದ ತವರಿಗೆ ಕಳಿಸಿದರು. ಮಗು ತಮ್ಮ ಮನೆಯದೆಂದು ಇಟ್ಟುಕೊಂಡರು. ತಿಂಗಳೊಳಗೆ ಇದೆಲ್ಲ ನನ್ನ ಕಿವಿಗೆ ಬಿತ್ತು, ಬಾಯಿ ಬಿಡಲಿಲ್ಲ. ಮೊದಲು ನಾಚಿಕೆ, ಆಮೇಲೆ ಹೆದರಿಕೆ, ಆಮೇಲೆ — ಏನೂ ಅಲ್ಲ, ಅಭ್ಯಾಸ.

ಕಳೆದ ತಿಂಗಳು ಭಟ್ಕಳದ ಪೇಟೆಯಲ್ಲಿ ಒಣಮೀನಿನ ಬುಟ್ಟಿಯ ಹಿಂದೆ ನಿಮ್ಮನ್ನು ಕಂಡೆ. ಕಂಪ್ಯೂಟರಿನಲ್ಲಿ ದಿನಗಟ್ಟಲೆ ತಿದ್ದಿದ ಮುಖ, ಮರೆಯುವುದು ಹೇಗೆ? “ಎಂತ ಬೇಕು ಹೇಳಿ,” ಅಂದಿರಿ, ಗುರುತಿಲ್ಲದ ಗಿರಾಕಿಗೆ ಅನ್ನುವ ಹಾಗೆ. ಒಣಸಿಗಡಿ ಕಟ್ಟಿಸಿಕೊಂಡು ಬಂದೆ. ಹೇಡಿ ನಾನು.

ಆ ಚಿತ್ರದ ಮೂಲ ಫೈಲ್ ನನ್ನಲ್ಲಿದೆ. ಯಾವ ಲೆನ್ಸ್, ಎಷ್ಟು ಎಂಎಂ ಎಂಬುದು ಅದರಲ್ಲಿ ತಾನಾಗಿ ದಾಖಲಾಗಿರುತ್ತದೆ; ನಾನು ದೂರ ನಿಂತೇ ತೆಗೆದದ್ದು ಎಂಬುದಕ್ಕೆ ಅದೇ ಸಾಕ್ಷಿ. ಈ ಕಾಗದವನ್ನು ಅಂಚೆಗೆ ಹಾಕಿ, ನಾಳೆ ಅದನ್ನು ಹಿಡಿದು ಕಾಸರಕೋಡಿಗೆ ಹೋಗುತ್ತೇನೆ. ನಿಮ್ಮಲ್ಲಿ ಕ್ಷಮೆ ಕೇಳುವ ಮುಖ ನನಗಿಲ್ಲ. ನಿಮ್ಮ ಮಗಳಿಗೀಗ ಹದಿನಾಲ್ಕು. ಅಮ್ಮ ಯಾರೋ ಗಂಡಸಿಗೆ ನಕ್ಕಳೆಂದು ಕೇಳಿಯೇ ಬೆಳೆದವಳು. ಚಿಕ್ಕಪ್ಪನ ಎದುರಿಗೇ ಅವಳಿಗೆ ಹೇಳುತ್ತೇನೆ — ಅಮ್ಮ ನಕ್ಕಿದ್ದು ನಿನ್ನನ್ನು ನೋಡಿ, ಮಗಳೇ.