ಜೋಲಿಯ ಅರ್ಧ ಜಾಗ

ಮೆಕ್ಸಿಕೋದ ನಮ್ಮ ಯುಕಾತಾನಿನಲ್ಲಿ ಮಂಚಕ್ಕೆ ಮೂರು ಕಾಸಿನ ಮರ್ಯಾದೆಯಿಲ್ಲ. ಜ್ವರ ಬಂದರೆ ನರಳುವುದು ಗೋಡೆಯಿಂದ ಗೋಡೆಗೆ ಕಟ್ಟಿದ ನೂಲಿನ ಜೋಲಿಯಲ್ಲಿ, ಗಂಡನ ಮೇಲೆ ಮುನಿಸಿಕೊಂಡು ಬೆನ್ನು ತಿರುಗಿಸುವುದೂ ಜೋಲಿಯಲ್ಲೇ. ಅದರಲ್ಲಿ ಓರೆಯಾಗಿ ಮಲಗಬೇಕೆಂದು ನಡೆಯಲು ಬಾರದ ಕೂಸಿಗೂ ಗೊತ್ತು. ತಲೆ ಒಂದು ಅಂಚಿಗೆ, ಕಾಲು ಇನ್ನೊಂದು ಅಂಚಿಗೆ ಹಾಕಿದರೆ ನೂಲು ಹರಡಿಕೊಂಡು ಬೆನ್ನು ಸಮನಾಗಿ ಕೂರುತ್ತದೆ. ಉದ್ದಕ್ಕೆ ಮಲಗಿದರೆ ಸೊಂಟ ಬಾಳೆಹಣ್ಣಿನ ಹಾಗೆ ಬಾಗಿಹೋಗುತ್ತದೆ.

ಇಂಥ ಊರಿನಲ್ಲಿ ಹುಡುಗಿಯಾಗಿದ್ದಾಗಿನಿಂದ ಜೋಲಿ ಹೆಣೆದ ನನ್ನ ಅತ್ತಿಗೆ ಫಿದೇಲಿಯಾ ಸೊಂಟ ಹಿಡಿದುಕೊಂಡು ಕೂತುಬಿಟ್ಟಳು. ನನ್ನ ಅಣ್ಣ ನಿಕಾನೋರ್ ತೀರಿಕೊಂಡ ವರ್ಷ ಶುರುವಾದ ನೋವು. ಮೊದಲು ಬೆಳಗಿನ ಹೊತ್ತು ಮಾತ್ರ ಇತ್ತು. ಆಮೇಲೆ ಹೆಣಿಗೆಯ ಚೌಕಟ್ಟಿನ ಮುಂದೆ ನಿಲ್ಲಲೂ ಆಗದಾಯಿತು. ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು. ಹೆಣಿಗೆ ನಿಂತರೆ ಇವಳೂ ಅಣ್ಣನ ಹಿಂದೆಯೇ ಹೊರಟಾಳೆಂದು ನನಗೆ ಭಯ.

ಮೈ ತಿಕ್ಕಿ ಉಳುಕು ತೆಗೆಯುವ ರೆಮೀಹಿಯಾಳನ್ನು ಕರೆಸಿದೆ. ಅವಳು ಸೊಂಟ ಒತ್ತಿ ನೋಡಿ, "ಮಲಗೋದು ಹೇಗೆ, ತೋರ್ಸು," ಅಂದಳು.

ಫಿದೇಲಿಯಾ ಗಂಡಹೆಂಡಿರ ಆ ಅಗಲದ ಜೋಲಿಯಲ್ಲಿ ಒಂದೇ ಅಂಚಿಗೆ ಒತ್ತರಿಸಿಕೊಂಡು ಉದ್ದಕ್ಕೆ ಮಲಗಿದಳು. ಮಿಕ್ಕ ಅರ್ಧ ಖಾಲಿ.

"ಇದ್ಯಾರಿಗಮ್ಮ ಮೀಸಲು?" ಅಂದಳು ರೆಮೀಹಿಯಾ.

ಅತ್ತಿಗೆ ಆ ಖಾಲಿ ಅರ್ಧವನ್ನು ಕೈಯಿಂದ ಸವರಿದಳು. ನನಗೆ ಅರ್ಥವಾಯಿತು, ಅರ್ಥವಾದದ್ದಕ್ಕೇ ಸಿಟ್ಟು ಬಂತು.

"ಅತ್ತಿಗೆ, ಸತ್ತವ್ರು ನವೆಂಬರಲ್ಲಿ ಎಡೆ ಇಡೋ ಹಬ್ಬಕ್ಕೆ ತಾನೆ ಮನೆಗೆ ಬರೋದು? ಆಗ ಪೂರ್ತಿ ಜೋಲೀನೇ ಬಿಟ್ಕೊಡು, ಅಣ್ಣ ಉಂಡು ಹಾಯಾಗಿ ಮಲಗ್ಲಿ. ಮಿಕ್ಕ ದಿನ ನೀನು ಸರಿಯಾಗಿ ಮಲ್ಕೋ."

"ಅವ್ನಿಗೆ ಕೈಕಾಲು ಚಾಚ್ಬೇಕು ಕಣೆ ಬಸೀಲಿಯಾ. ನಿಂಗೊತ್ತಲ್ಲ."

"ಗೊತ್ತು. ಚಿಕ್ಕೋಳಿದ್ದಾಗ ನನ್ನನ್ನ ಒದ್ದು ಕೆಳಗೆ ಬೀಳಿಸ್ತಿದ್ದ. ಸತ್ತ ಮೇಲೂ ಅವನ ಕೈಲಿ ಒದೆಸ್ಕೋಬೇಕಾ ನೀನು?"

ಅವಳಿಗೆ ನಗು ಬಂತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು ಅಂದು ಮಾತ್ರ ಮಾತು ಕೇಳಿದಳು. ನಾವಿಬ್ಬರೂ ಅವಳ ಕಾಲುಗಳನ್ನು ಮೆಲ್ಲಗೆ ಆಚೆ ಅಂಚಿಗೆ ಸರಿಸಿದೆವು. ನೂಲು ಹರಡಿತು, ಬೆನ್ನು ನಿಧಾನವಾಗಿ ಇಳಿಯಿತು. ರೆಮೀಹಿಯಾ ಹೊರಟುಹೋದಳು. ಮಧ್ಯಾಹ್ನದ ಬಿಸಿಲು ಗರಿಯ ಸೂರಿನಿಂದ ಸೋಸಿ ಬಂದು ಅತ್ತಿಗೆಯ ಮೇಲೆ ಚುಕ್ಕೆಚುಕ್ಕೆಯಾಗಿ ಓಡಾಡುತ್ತಿತ್ತು. ಹಿತ್ತಲಿನ ಕಿತ್ತಳೆ ಗಿಡದಲ್ಲಿ ಪಾರಿವಾಳ ಗುಟುಗುಟು ಅನ್ನುತ್ತಿತ್ತು. ಹಗ್ಗ ಹಿಡಿದು ತೂಗುತ್ತಾ ತೂಗುತ್ತಾ ನನಗೂ ಮನೆ, ಗೋಡೆ, ಚೌಕಟ್ಟು ಎಲ್ಲ ನೀರಿನ ಮೇಲೆ ತೇಲುತ್ತಿರುವಂತೆ ಆಯಿತು.

ಕಣ್ಣು ಬಿಟ್ಟಾಗ ಅವಳು ಅಳುತ್ತಿದ್ದಳು.

"ನೋವಾಗ್ತಿದ್ಯಾ?"

"ಇಲ್ಲ ಕಣೆ. ಒಂಚೂರೂ ಇಲ್ಲ."

"ಮತ್ಯಾಕೆ ಅಳ್ತೀಯಾ?"

"ಎಚ್ಚರ ಆದಾಗೆಲ್ಲ ಆ ನೋವೇ ಅಲ್ವಾ, ಅವ್ನು ಪಕ್ಕದಲ್ಲಿದಾನೆ ಅಂತ ಹೇಳ್ತಿದ್ದದ್ದು."

ನಾನು ಚಪ್ಪಲಿ ಬಿಟ್ಟು ಜೋಲಿಯೊಳಗೆ ಹತ್ತಿದೆ.

"ಒಂಚೂರು ಜರುಗು," ಅಂದೆ.

ಜರುಗಿದಳು. ಇಬ್ಬರೂ ಓರೆಯಾಗಿ ಮಲಗಿದೆವು.